ಬೇಸಿಗೆಯಲ್ಲಿ ಹಸು ಏಕೆ ಗಬ್ಬ ಕಟ್ಟುವುದಿಲ್ಲ?



ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎಂಬುದು ನಮ್ಮ ಹಿರಿಯರ ಮಾತು. ಚಳಿ ಓಡಿದ ಮೇಲೆ ನಮ್ಮ ಫೋನಿಗೆ ಬರುವ ಕರೆಗಳೂ ಬದಲಾಗುತ್ತವೆ. "ಹಾಲು ಇಳಿದಿದೆ", "ಮೇವು ಬಿಟ್ಟಿದೆ", "ಮೂರು ಸಲ ಇಂಜೆಕ್ಷನ್ ಕೊಡಿಸಿದರೂ ಗಬ್ಬ ನಿಂತಿಲ್ಲ". ಏಪ್ರಿಲ್, ಮೇ ತಿಂಗಳಲ್ಲಿ ಈ ಮೂರನೆಯ ದೂರೇ ಹೆಚ್ಚು.

ಕಳೆದ ಮೇ ತಿಂಗಳಲ್ಲಿ ಸಂಘದ ಸದಸ್ಯೆಯೊಬ್ಬರು ಹೀಗೇ ಕರೆದಿದ್ದರು. ಸಂಕ್ರಾಂತಿ ಸಮಯಕ್ಕೆ ಎರಡನೇ ಕರು ಹಾಕಿದ ಎಚ್.ಎಫ್. ಮಿಶ್ರತಳಿ ಹಸು. ದಿನಕ್ಕೆ 14 ಲೀಟರ್ ಹಾಲು. ಮಾರ್ಚ್ ಮಧ್ಯದಿಂದ ಮೂರು ಸಲ ಕೃತಕ ಗರ್ಭಧಾರಣೆ ಮಾಡಿಸಿದ್ದರು, ಮೂರು ಸಲವೂ ತಿರುಗಿ ಬೆದೆಗೆ ಬಂದಿತ್ತು. ನಾಲ್ಕನೆಯ ಬೆದೆ ಕಾಣಲೇ ಇಲ್ಲ. "ಡಾಕ್ಟ್ರೇ, ಇದು ಗೊಡ್ಡು ಬಿದ್ದೋಯ್ತು. ದಲ್ಲಾಳಿ 25 ಸಾವಿರಕ್ಕೆ ಕೇಳವ್ನೆ. ಶನಿವಾರದ ಸಂತೆಗೆ ಹೊಡೆದ್‌ಬಿಡ್ತೀವಿ" ಎಂದರು. 60 ಸಾವಿರ ಬಾಳುವ ಹಸು.

ನಾನು ಹೋದಾಗ ಮಧ್ಯಾಹ್ನ ಮೂರು ಗಂಟೆ. ಪರೀಕ್ಷೆ ಮಾಡಿದೆ. ಗರ್ಭಕೋಶ ಚೆನ್ನಾಗಿತ್ತು, ಅಂಡಾಶಯವೂ ಚೆನ್ನಾಗಿತ್ತು. ಆದರೆ ಥರ್ಮಾಮೀಟರ್ 103.8 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿತು. ಉಸಿರು ಎಣಿಸಿದರೆ ನಿಮಿಷಕ್ಕೆ 84. ತಲೆ ಎತ್ತಿದರೆ ಏಳಡಿಗೆ ಶೀಟು, ಮೂರು ಕಡೆ ಗೋಡೆ, ಒಂದು ಕಡೆ ಬಾಗಿಲು. ಹಸು ಜೊಲ್ಲು ಸುರಿಸುತ್ತಾ ನಿಂತಿತ್ತು. ಅದಕ್ಕೆ ಸೋಂಕಿನ ಜ್ವರ ಇರಲಿಲ್ಲ. ಕೊಟ್ಟಿಗೆಯ ಕಾವು ಅದರ ಮೈಗೆ ಏರಿತ್ತು.

ಒಂದು ಮಾತು ಒಪ್ಪಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಂಥ ಹಸುಗಳಿಗೆ ನಾನೂ ಹಾರ್ಮೋನ್ ಚುಚ್ಚುಮದ್ದು ಕೊಟ್ಟು, ಟಾನಿಕ್ ಬರೆದು ಬಂದದ್ದುಂಟು. ಹಸುವಿನ ಹಿಂದೆ ನಿಂತು ನೋಡಿದೆನೇ ಹೊರತು ಅದರ ತಲೆಯ ಮೇಲಿನ ಸೂರು ನೋಡಿರಲಿಲ್ಲ. ಆ ಸೂರಿಗೂ ಗಬ್ಬಕ್ಕೂ ಏನು ಸಂಬಂಧ ಎಂಬುದನ್ನು ತಿಳಿಸಲು ಈ ಲೇಖನ.

ಯಾವ ಊರಿನ ಮೈ?

ಎಚ್.ಎಫ್. ಹಸುವಿನ ತವರು ನೆದರ್ಲೆಂಡ್ಸ್ ಮತ್ತು ಉತ್ತರ ಜರ್ಮನಿಯ ಕರಾವಳಿ ಬಯಲು. ಅಲ್ಲಿ ನಡು ಬೇಸಿಗೆಯಾದ ಜುಲೈನಲ್ಲೂ ಸರಾಸರಿ ಉಷ್ಣಾಂಶ 17-18 ಡಿಗ್ರಿ ಸೆಲ್ಸಿಯಸ್ ಮಾತ್ರ. ತಣ್ಣನೆ ಗಾಳಿ, ವರ್ಷವಿಡೀ ಹಸಿರು ಹುಲ್ಲು. ಅಂಥ ಕಡೆ ಬದುಕುವ ಪ್ರಾಣಿಗೆ ಬೇಕಾದದ್ದು ಮೈಯ ಶಾಖ ಹೊರಹೋಗದಂತೆ ಹಿಡಿದಿಡುವ ಶಕ್ತಿ. ಹಾಗಾಗಿ ದೊಡ್ಡ ದೇಹ, ದಟ್ಟ ಕೂದಲು, ಮೈಗೆ ಅಂಟಿದಂಥ ಚರ್ಮ. ಮೇವು ಧಾರಾಳವಾದ್ದರಿಂದ ಹೆಚ್ಚು ತಿಂದು ಹೆಚ್ಚು ಹಾಲು ಕೊಡುವ ಗುಣವನ್ನು ಅಲ್ಲಿನ ರೈತರು ತಲೆಮಾರುಗಳಿಂದ ಆರಿಸಿ ಬೆಳೆಸಿದರು.

ನಮ್ಮ ನಾಟಿ ದನಗಳ ಕಥೆ ಬೇರೆ. ಡುಬ್ಬವಿರುವ ದನಗಳನ್ನು ಮನುಷ್ಯ ಪಳಗಿಸಿದ್ದು ಸಿಂಧೂ ಬಯಲಿನ ಆಸುಪಾಸಿನಲ್ಲಿ, ಸುಮಾರು 8,000 ವರ್ಷಗಳ ಹಿಂದೆ. ಅಂದಿನಿಂದ ಇವು ಉರಿಬಿಸಿಲು, ಒಣ ಹುಲ್ಲು, ದೂರದ ನೀರು, ಉಣ್ಣೆ-ನೊಣಗಳ ನಡುವೆಯೇ ಬದುಕಿವೆ. ತಾಳಲಾರದವು ಸತ್ತವು, ತಾಳಿದವು ಕರು ಹಾಕಿದವು. ಹೀಗೆ ಸಾವಿರಾರು ತಲೆಮಾರು ಸೋಸಿ ಬಂದ ಮೈ ಅವುಗಳದ್ದು.

ಮೈಯ ಗಾತ್ರವನ್ನೇ ನೋಡಿ. ಒಲೆಯಿಂದ ಇಳಿಸಿದ ರಾಗಿ ಮುದ್ದೆ ಇಡಿಯಾಗಿದ್ದರೆ ಬಹಳ ಹೊತ್ತು ಬಿಸಿ ಇರುತ್ತದೆ. ಅದನ್ನೇ ತುತ್ತು ತುತ್ತಾಗಿ ಮುರಿದಿಟ್ಟರೆ ಬೇಗ ಆರುತ್ತದೆ. ಏಕೆಂದರೆ ಗಾತ್ರ ಚಿಕ್ಕದಾದಷ್ಟೂ ತೂಕಕ್ಕೆ ಹೋಲಿಸಿದರೆ ಗಾಳಿಗೆ ತಾಕುವ ಮೈ ಹೆಚ್ಚು. ದನಗಳಿಗೂ ಇದೇ ಲೆಕ್ಕ. 600 ಕೆ.ಜಿ. ತೂಗುವ ಶುದ್ಧ ಎಚ್.ಎಫ್. ಹಸು ಇಡೀ ಮುದ್ದೆಯಂತೆ, 150 ಕೆ.ಜಿ. ಮೀರುವುದೇ ಅಪರೂಪವಾದ ಮಲೆನಾಡು ಗಿಡ್ಡ ತುತ್ತಿನಂತೆ. ಗಿಡ್ಡ ತಳಿಯ ಚಿಕ್ಕ ಮೈಗೆ ಮೇವೂ ಕಡಿಮೆ ಸಾಕು, ಗುಡ್ಡ ಹತ್ತಿ ಇಳಿಯಲೂ ಸುಲಭ. ಹಳ್ಳಿಕಾರ್, ಅಮೃತಮಹಲ್ ದನಗಳು ಎತ್ತರವಿದ್ದರೂ ಮೈ ಸಪೂರ, ಕಾಲು ಉದ್ದ, ಚರ್ಮ ಸಡಿಲ. ಅಲ್ಲಿಯೂ ಶಾಖ ಹೊರಹೋಗಲು ದಾರಿ ಹೆಚ್ಚು.

ಬೆವರುವ ಹಸು, ಕೆಸರಿಗಿಳಿಯುವ ಎಮ್ಮೆ

ಹಸು ಬೆವರುವುದಿಲ್ಲ ಎಂದು ಹಲವರು ಹೇಳುತ್ತಾರೆ. ಬೆವರುತ್ತದೆ. ಹಸುವಿನ ಮೈಯ ಪ್ರತಿ ಕೂದಲಿನ ಬುಡದಲ್ಲೂ ಒಂದು ಬೆವರು ಗ್ರಂಥಿ ಇದೆ. ನಾಟಿ ದನಗಳಲ್ಲಿ ಈ ಗ್ರಂಥಿಗಳು ಹೆಚ್ಚು ಒತ್ತಾಗಿ, ದೊಡ್ಡದಾಗಿ, ಚರ್ಮದ ಮೇಲ್ಭಾಗಕ್ಕೆ ಹತ್ತಿರದಲ್ಲಿವೆ. ಕೂದಲು ಗಿಡ್ಡ ಮತ್ತು ನುಣುಪು, ಹಲವು ತಳಿಗಳ ಬಣ್ಣ ಬಿಳಿ ಅಥವಾ ಬೂದು, ಅದರಡಿಯ ಚರ್ಮ ಮಾತ್ರ ಕಪ್ಪು. ತಿಳಿ ಕೂದಲು ಬಿಸಿಲನ್ನು ಹಿಂದಕ್ಕೆ ಚೆಲ್ಲುತ್ತದೆ, ಕಪ್ಪು ಚರ್ಮ ಸುಟ್ಟುಹೋಗದಂತೆ ಕಾಯುತ್ತದೆ. ಸೀಮೆ ಹಸುವಿನ ದಟ್ಟ ಕೂದಲಿನ ನಡುವೆ ಬಿಸಿ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ, ಬೆವರು ಬೇಗ ಆರುವುದಿಲ್ಲ.

ಎಮ್ಮೆಗೆ ಬೆವರು ಗ್ರಂಥಿಗಳು ಹಸುವಿಗಿಂತ ಬಹಳ ಕಡಿಮೆ, ಕೂದಲೂ ವಿರಳ, ಮೈಯೆಲ್ಲ ಕಪ್ಪು. ಹಾಗಾಗಿ ನೇರ ಬಿಸಿಲಿನಲ್ಲಿ ಅದು ಹಸುವಿಗಿಂತ ಬೇಗ ಕಾಯುತ್ತದೆ. ಆದರೆ ಅದು ಹುಟ್ಟಿ ಬೆಳೆದದ್ದು ನೀರು-ಕೆಸರಿನ ಸೀಮೆಯಲ್ಲಿ. ಕೆರೆಗೆ ಇಳಿದರೆ ವಿರಳ ಕೂದಲಿನ ಚರ್ಮಕ್ಕೆ ನೀರು ನೇರವಾಗಿ ತಾಗಿ ಬೇಗ ತಣಿಯುತ್ತದೆ. ಮೈಗೆ ಮೆತ್ತಿದ ಕೆಸರು ನೊಣದಿಂದಲೂ ಬಿಸಿಲಿನಿಂದಲೂ ಕಾಪಾಡುತ್ತದೆ. ಎಮ್ಮೆ ಕೆಸರಿನಲ್ಲಿ ಹೊರಳುವುದು ಹೊಲಸು ಬುದ್ಧಿ ಎಂದುಕೊಳ್ಳಬೇಡಿ, ಅದೇ ಅದರ ಬೆವರು. ಕೆರೆ ಒಣಗಿದ ಊರಿನಲ್ಲಿ ಆ ನೀರನ್ನು ನೀವೇ ಒದಗಿಸಬೇಕು.

ಬೆವರು ಆರಿದರೆ ಮಾತ್ರ ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಆರುವುದಿಲ್ಲ. ಆದ್ದರಿಂದ ನಾವು ಬಿಸಿಲನ್ನೂ ತೇವವನ್ನೂ ಸೇರಿಸಿ ಲೆಕ್ಕ ಹಾಕುತ್ತೇವೆ. ಇದಕ್ಕೆ ಉಷ್ಣ-ಆರ್ದ್ರತೆ ಸೂಚ್ಯಂಕ ಎನ್ನುತ್ತಾರೆ. ಸೂಚ್ಯಂಕ 72 ದಾಟಿದರೆ ಹೆಚ್ಚು ಹಾಲಿನ ಹಸುಗಳಿಗೆ ಒತ್ತಡ ಶುರು. 25 ಡಿಗ್ರಿ ಉಷ್ಣಾಂಶ, ಶೇ. 50 ತೇವ ಇದ್ದರೆ ಆಗಲೇ ಸುಮಾರು 72. ನಮಗೆ ಹಿತವೆನಿಸುವ ಹವೆ ಆ ಹಸುವಿಗೆ ಮಿತಿಯ ಅಂಚು. ರಾಯಚೂರಿನಂಥ ಒಣ ಊರಿನಲ್ಲಿ 40 ಡಿಗ್ರಿ, ಶೇ. 20 ತೇವ ಇದ್ದರೆ ಸೂಚ್ಯಂಕ 84ರ ಹತ್ತಿರ. ಕರಾವಳಿಯಲ್ಲಿ 32 ಡಿಗ್ರಿ, ಶೇ. 80 ತೇವ ಇದ್ದರೆ 86. ಥರ್ಮಾಮೀಟರಿನಲ್ಲಿ ಎಂಟು ಡಿಗ್ರಿ ಕಡಿಮೆ ಇದ್ದರೂ ಹಸುವಿಗೆ ಅದೇ ಬೇಗೆ. "ನಮ್ಮಲ್ಲಿ ಅಷ್ಟೇನೂ ಬಿಸಿಲಿಲ್ಲ" ಎಂದು ಸುಮ್ಮನಿರುವ ಹಾಗಿಲ್ಲ.

ಇನ್ನೊಂದು ಶಾಖ ಹಸುವಿನ ಒಳಗೇ ಹುಟ್ಟುತ್ತದೆ. ತಿಂದ ಮೇವು ಮೊದಲ ಹೊಟ್ಟೆಯಲ್ಲಿ ಹುದುಗುವಾಗ ಬಿಸಿಯಾಗುತ್ತದೆ, ಹಾಲು ತಯಾರಾಗುವಾಗಲೂ ಬಿಸಿಯಾಗುತ್ತದೆ. 15 ಲೀಟರ್ ಕೊಡುವ ಹಸು 5 ಲೀಟರ್ ಕೊಡುವುದಕ್ಕಿಂತ ದೊಡ್ಡ ಒಲೆ ಹೊತ್ತು ನಿಂತಿರುತ್ತದೆ. ಬೇಸಿಗೆಯಲ್ಲಿ ಅದು ಮೇವು ಬಿಡುವುದು ಆ ಒಲೆಯ ಸೌದೆ ಹಿಂದೆಗೆಯಲು.

ನಡಿಗೆ ಮತ್ತು ಗೊರಸು

ನಡಿಗೆಯೂ ನೆಲಕ್ಕೆ ತಕ್ಕಂತೆ ರೂಪುಗೊಂಡದ್ದು. ಮೈಸೂರು ಸಂಸ್ಥಾನದ ಸೈನ್ಯಕ್ಕೆ ಫಿರಂಗಿ, ಸಾಮಾನು ಎಳೆದದ್ದು ಅಮೃತಮಹಲ್ ಎತ್ತುಗಳು. ಕಾವಲುಗಳಲ್ಲಿ ಮೇಯುತ್ತಾ, ಮೇವು ನೀರು ಅರಸಿ ಮೈಲಿಗಟ್ಟಲೆ ನಡೆದು ಬೆಳೆದ ದನಗಳವು. ಗಟ್ಟಿ ಕಪ್ಪು ಗೊರಸು, ಒಂದಕ್ಕೊಂದು ಹತ್ತಿರವಿರುವ ಬೆರಳು. ಎಮ್ಮೆಯ ಗೊರಸು ಅಗಲ, ಕೆಸರಿನಲ್ಲಿ ಹೂತುಹೋಗದಂತೆ ಹರಡುತ್ತದೆ. ಎಚ್.ಎಫ್. ಹಸು ಮೆತ್ತನೆಯ ಹುಲ್ಲುಗಾವಲಿನಲ್ಲಿ ನಿಧಾನ ಹೆಜ್ಜೆ ಇಟ್ಟ ಜಾತಿ.

ಈ ಹಸುವನ್ನು ನಾವು ಕಾಂಕ್ರೀಟ್ ನೆಲದ ಮೇಲೆ ಕಟ್ಟುತ್ತೇವೆ. ಸೆಕೆ ಹೆಚ್ಚಾದಾಗ ಅದು ಮಲಗುವುದಿಲ್ಲ. ನಿಂತರೆ ನಾಲ್ಕೂ ಕಡೆ ಗಾಳಿ ತಾಗುತ್ತದೆ ಎಂದು ನಿಂತೇ ಇರುತ್ತದೆ. ಗಂಟೆಗಟ್ಟಲೆ ನಿಂತು ಗೊರಸು ಸವೆಯುತ್ತದೆ, ಪಾದ ನೋಯುತ್ತದೆ. ಜೊಲ್ಲು ಸುರಿದು ಹೋಗುವುದರಿಂದ ಹೊಟ್ಟೆಯ ಹುಳಿ ಹೆಚ್ಚಿ, ಅದರಿಂದಲೂ ಗೊರಸಿಗೆ ಪೆಟ್ಟು. ಮುಂಗಾರಿನಲ್ಲಿ ಕುಂಟುವ ಹಸುವಿನ ತೊಂದರೆ ಎಷ್ಟೋ ಸಲ ಬೇಸಿಗೆಯಲ್ಲೇ ಶುರುವಾಗಿರುತ್ತದೆ. ಕಾಲು ನೋಯುವ ಹಸು ಬೆದೆಗೆ ಬಂದರೂ ಇನ್ನೊಂದರ ಮೇಲೆ ಹತ್ತುವುದಿಲ್ಲ, ನಿಮಗೆ ಬೆದೆ ಕಾಣುವುದಿಲ್ಲ.

ಗಬ್ಬಕ್ಕೆ ಕೊನೆಯ ಪಾಲು

ಈಗ ಮುಖ್ಯ ವಿಷಯಕ್ಕೆ ಬರೋಣ. ಕಷ್ಟ ಬಂದಾಗ ಯಾವ ಪ್ರಾಣಿಯಾದರೂ ಮೊದಲು ತನ್ನ ಜೀವ ಉಳಿಸಿಕೊಳ್ಳುತ್ತದೆ. ಹೊಸ ಗಬ್ಬಕ್ಕೆ ಉಳಿಯುವುದು ಕೊನೆಯ ಪಾಲು. ಬರಗಾಲದ ಮನೆಯಲ್ಲಿ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ, ಹಾಗೆ. ಬಿಸಿಯ ಒತ್ತಡದಲ್ಲಿ ನಾಲ್ಕು ತೊಂದರೆಗಳು ಆಗುತ್ತವೆ.

ಒಂದು, ಬೆದೆಯ ಹಾರ್ಮೋನ್ ಕಡಿಮೆಯಾಗಿ ಬೆದೆ ಮಂಕಾಗುತ್ತದೆ. ಕೂಗು ಇಲ್ಲ, ಹತ್ತುವುದು ಇಲ್ಲ. ಇದ್ದರೂ ಕೆಲವೇ ಗಂಟೆ, ಅದೂ ರಾತ್ರಿ ತಂಪಿನಲ್ಲಿ. ಇದೇ ಮೂಕ ಬೆದೆ.

ಎರಡು, ಅಂಡಾಶಯದೊಳಗೆ ಬಲಿಯುತ್ತಿರುವ ಅಂಡ ಬಿಸಿಗೆ ಸೊರಗುತ್ತದೆ. ಅಂಡ ಬಲಿಯಲು ಹಲವು ವಾರ ಬೇಕು. ಏಪ್ರಿಲ್‌ನಲ್ಲಿ ಪೆಟ್ಟು ತಿಂದ ಅಂಡ ಜೂನ್‌ನಲ್ಲಿ ಹೊರಬರಬಹುದು. ಹಾಗಾಗಿ ಮಳೆ ಬಿದ್ದು ತಂಪಾದ ಮೇಲೂ ಒಂದೆರಡು ತಿಂಗಳು ಹಸು ಗಬ್ಬ ನಿಲ್ಲದಿರಬಹುದು.

ಮೂರು, ಮೈ ತಣಿಸಲು ರಕ್ತ ಚರ್ಮದ ಕಡೆ ಹರಿಯುತ್ತದೆ, ಗರ್ಭಕೋಶಕ್ಕೆ ಕಡಿಮೆಯಾಗುತ್ತದೆ. ಗರ್ಭಧಾರಣೆಯ ಹೊತ್ತಿಗೆ ಗರ್ಭಕೋಶದ ಶಾಖ ಅರ್ಧ ಡಿಗ್ರಿ ಸೆಲ್ಸಿಯಸ್ ಏರಿದರೂ ಗಬ್ಬ ನಿಲ್ಲುವ ಸಾಧ್ಯತೆ ಇಳಿಯುತ್ತದೆ.

ನಾಲ್ಕು, ಇಂಜೆಕ್ಷನ್ ಆದ ಮೊದಲ ಮೂರು ದಿನ ಭ್ರೂಣ ತೀರಾ ಎಳೆಯದು, ಬಿಸಿ ತಾಳುವ ಶಕ್ತಿ ಅದಕ್ಕಿಲ್ಲ. ಸತ್ತುಹೋದರೆ 21 ದಿನಕ್ಕೆ ಹಸು ಮತ್ತೆ ಬೆದೆಗೆ ಬರುತ್ತದೆ. ನೀವು ಸೂಜಿ ಸರಿಯಿಲ್ಲ ಎನ್ನುತ್ತೀರಿ, ಗರ್ಭಧಾರಣೆ ಕಾರ್ಯಕರ್ತರು ಹಸು ಸರಿಯಿಲ್ಲ ಎನ್ನುತ್ತಾರೆ. ನಾಲ್ಕನೆಯ ದಿನದಿಂದ ಭ್ರೂಣ ನಿಧಾನವಾಗಿ ಗಟ್ಟಿಯಾಗುತ್ತದೆ. ಅಂದರೆ ಆ ಮೂರು-ನಾಲ್ಕು ದಿನ ಹಸುವನ್ನು ತಂಪಾಗಿಟ್ಟರೆ ಅರ್ಧ ಗೆದ್ದಂತೆ. ಡುಬ್ಬದ ದನಗಳ ಭ್ರೂಣವೂ ಎಚ್.ಎಫ್. ಭ್ರೂಣಕ್ಕಿಂತ ಹೆಚ್ಚು ಬಿಸಿ ತಾಳುತ್ತದೆ ಎಂಬುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಊರಿನ ಗುಣ ಆ ಮಟ್ಟಕ್ಕೂ ಇಳಿದಿದೆ.

ಎಮ್ಮೆಯದು ಇನ್ನೊಂದು ಜಾಣತನ. ಹಗಲು ಕಿರಿದಾಗುತ್ತಾ ಬರುವ ಸೆಪ್ಟೆಂಬರ್‌ನಿಂದ ಜನವರಿಯೊಳಗೆ ಎಮ್ಮೆಗಳು ಹೆಚ್ಚಾಗಿ ಬೆದೆಗೆ ಬರುತ್ತವೆ. ಎಮ್ಮೆಯ ಗಬ್ಬ ಸುಮಾರು 310 ದಿನ. ಅಕ್ಟೋಬರ್‌ನಲ್ಲಿ ಗಬ್ಬವಾದರೆ ಆಗಸ್ಟ್‌ನಲ್ಲಿ ಕರು. ಮುಂಗಾರಿನ ಹಸಿರು ಮೇವು ಎದ್ದಿರುವಾಗ ಕೆಚ್ಚಲಿಗೆ ಹಾಲು ಇಳಿಯುತ್ತದೆ. ಆದ್ದರಿಂದ ಎಮ್ಮೆ ಸಾಕಿದವರು ದಸರಾ, ದೀಪಾವಳಿ ಹೊತ್ತಿನ ಬೆದೆಯನ್ನು ಕೈತಪ್ಪಲು ಬಿಡಬಾರದು. ಬೇಸಿಗೆಯಲ್ಲಿ ಬೆದೆ ಕಾಣಲಿಲ್ಲವೆಂದು ಎಮ್ಮೆ ಮಾರಲೂಬಾರದು.

ನೀವು ಮಾಡಬೇಕಾದದ್ದು

ಹಸುವಿನ ತವರಿನ ಹವೆಯನ್ನು ನಾವು ತರಲಾರೆವು. ಆದರೆ ಕಟ್ಟಿಹಾಕಿದ ಹಸುವಿಗೆ ಕೊಟ್ಟಿಗೆಯೇ ಊರು, ಅಲ್ಲಿನ ಹವೆ ನಿಮ್ಮ ಕೈಯಲ್ಲಿದೆ.

1. ಉಸಿರು ಎಣಿಸಿ. ಮಧ್ಯಾಹ್ನ ಎರಡು-ಮೂರು ಗಂಟೆಗೆ ಹಸುವಿನ ಪಕ್ಕೆ ನೋಡಿ ಒಂದು ನಿಮಿಷ ಎಣಿಸಿ. 40ರೊಳಗಿದ್ದರೆ ಚಿಂತೆಯಿಲ್ಲ. 60 ದಾಟಿದರೆ ಬೇಗೆಯ ಒತ್ತಡ. 80 ದಾಟಿದರೆ ತಕ್ಷಣ ತಣಿಸಬೇಕು. ಬಾಯಿ ತೆರೆದು ನಾಲಿಗೆ ಚಾಚಿದ್ದರೆ ನೆರಳು, ನೀರು, ಗಾಳಿ ಕೊಟ್ಟು ವೈದ್ಯರಿಗೆ ಫೋನ್ ಮಾಡಿ.

2. ಸೂರು ಎತ್ತರಿಸಿ, ಗೋಡೆ ಬಿಡಿಸಿ. ಶೀಟಿನ ಕೊಟ್ಟಿಗೆ 10 ಅಡಿಗಿಂತ ಕಡಿಮೆ ಬೇಡ. ಹೊಸದಾಗಿ ಕಟ್ಟುವವರು ಉದ್ದವನ್ನು ಪೂರ್ವ-ಪಶ್ಚಿಮವಾಗಿ ಇಡಿ. ಈಗಿರುವ ಶೀಟಿಗೆ ಸುಣ್ಣ ಬಳಿಯಿರಿ, ಇಲ್ಲವೇ ತೆಂಗಿನ ಗರಿ ಹೊದಿಸಿ, ಬೆಂಕಿಯ ಎಚ್ಚರವಿರಲಿ. ಏನೂ ಆಗದಿದ್ದರೆ ಹಗಲು ಹುಣಸೆ, ಹೊಂಗೆ, ಬೇವಿನ ಮರದ ನೆರಳಲ್ಲಿ ಕಟ್ಟಿ.

3. ನೀರು ಸದಾ ಮುಂದಿರಲಿ. ಹಾಲು ಕೊಡುವ ಹಸುವಿಗೆ ಬೇಸಿಗೆಯಲ್ಲಿ ದಿನಕ್ಕೆ 80-100 ಲೀಟರ್ ಬೇಕಾಗಬಹುದು. ಎರಡು ಹೊತ್ತು ಬಕೆಟ್ ಹಿಡಿದರೆ ಸಾಲದು. ತೊಟ್ಟಿ ನೆರಳಿನಲ್ಲಿರಲಿ.

4. ಮೈಗೆ ನೀರು, ಜೊತೆಗೆ ಗಾಳಿ. ಚರ್ಮ ನೆನೆಯುವಂತೆ ನೀರು ಹಾಕಿ ಫ್ಯಾನ್ ಗಾಳಿಗೆ ಆರಲು ಬಿಡಿ, ಮತ್ತೆ ನೆನೆಸಿ. ಗಾಳಿಯಾಡದ ಕೊಟ್ಟಿಗೆಯಲ್ಲಿ ಬರೀ ನೀರು ಚೆಲ್ಲಿದರೆ ತೇವ ಹೆಚ್ಚಿ ಸೆಕೆ ಜಾಸ್ತಿಯಾಗುತ್ತದೆ. ಕರಾವಳಿ, ಮಲೆನಾಡಿನವರು ಇದನ್ನು ಮುಖ್ಯವಾಗಿ ಗಮನಿಸಿ. ಕೆಚ್ಚಲಿಗೆ ನೀರು ಇಳಿಯದಂತೆ ನೋಡಿಕೊಳ್ಳಿ.

5. ಮೇವಿನ ಹೊತ್ತು ಬದಲಿಸಿ. ತಿಂದ ಮೂರು-ನಾಲ್ಕು ಗಂಟೆಗೆ ಹೊಟ್ಟೆಯ ಶಾಖ ಏರುತ್ತದೆ. ಮೇವಿನ ಹೆಚ್ಚಿನ ಪಾಲನ್ನು ಸಂಜೆಯಿಂದ ಬೆಳಗಿನ ಜಾವದೊಳಗೆ ಕೊಡಿ. ಹಸಿರು ಮೇವು ತಪ್ಪಿಸಬೇಡಿ. ಖನಿಜ ಮಿಶ್ರಣ ದಿನಕ್ಕೆ 50 ಗ್ರಾಂ ಕೊಡಿ. ಅಡುಗೆ ಸೋಡಾ, ಉಪ್ಪು ಎಷ್ಟೆಂದು ನಿಮ್ಮ ಭಾಗದ ವೈದ್ಯರನ್ನು ಕೇಳಿ.

6. ಬೆದೆಯನ್ನು ರಾತ್ರಿ ನೋಡಿ. ಬೆಳಗಿನ ಜಾವ ಐದಕ್ಕೆ, ರಾತ್ರಿ ಹತ್ತಕ್ಕೆ ಒಮ್ಮೆ ಕೊಟ್ಟಿಗೆಗೆ ಹೋಗಿ ಲೋಳೆ ಇದೆಯೇ ನೋಡಿ. ಬೆಳಿಗ್ಗೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಬೇಗ ಗರ್ಭಧಾರಣೆ ಮಾಡಿಸಿ. ಮಧ್ಯಾಹ್ನದ ಬಿಸಿಲಲ್ಲಿ ಹಸುವನ್ನು ನಡೆಸಿಕೊಂಡು ಹೋಗಬೇಡಿ, ಕಾರ್ಯಕರ್ತರನ್ನೇ ಮನೆಗೆ ಕರೆಸಿ. ಆಮೇಲೆ ನಾಲ್ಕು ದಿನ ವಿಶೇಷವಾಗಿ ತಂಪಾಗಿಡಿ.

7. ಹಾಲು ಬತ್ತಿಸಿದ ಗಬ್ಬದ ಹಸುವನ್ನು ಮರೆಯಬೇಡಿ. ಹಾಲಿಲ್ಲವೆಂದು ಅದನ್ನು ಬಿಸಿಲಿಗೆ ಕಟ್ಟುವುದು ಸಾಮಾನ್ಯ. ಕೊನೆಯ ಎರಡು ತಿಂಗಳು ಬಿಸಿಗೆ ಸಿಕ್ಕಿದರೆ ಕರು ಸಣ್ಣದಾಗಿ ಹುಟ್ಟುತ್ತದೆ, ಮುಂದಿನ ಸೂಲಿನಲ್ಲಿ ಹಾಲೂ ಕಡಿಮೆ.

ಇದೆಲ್ಲ ಮಾಡಿಯೂ ಗಬ್ಬ ನಿಲ್ಲದಿದ್ದರೆ ಪರೀಕ್ಷೆ ಮಾಡಿಸಿ. ಗರ್ಭಕೋಶದ ಸೋಂಕು, ಖನಿಜದ ಕೊರತೆ, ಬೆದೆಯ ಹೊತ್ತು ತಪ್ಪುವುದು ಮುಂತಾದ ಕಾರಣಗಳೂ ಇರುತ್ತವೆ. ಲೋಳೆ ಕನ್ನಡಿಯಂತೆ ತಿಳಿಯಾಗಿರದೆ ಕೀವು ಬೆರೆತಿದ್ದರೆ ಬೇಸಿಗೆಯ ಮೇಲೆ ತಪ್ಪು ಹೊರಿಸಿ ಕಾಯಬೇಡಿ.

ಯಾವ ತಳಿಯ ವೀರ್ಯ?

ಹಾಲು ಹೆಚ್ಚಲಿ ಎಂದು ಪ್ರತಿ ಸೂಲಿಗೂ ಎಚ್.ಎಫ್. ವೀರ್ಯವನ್ನೇ ಕೇಳುವವರು ಬಹಳ. ಹೀಗೆ ಮಾಡುತ್ತಾ ಹೋದರೆ ಮೂರು-ನಾಲ್ಕು ತಲೆಮಾರಿನಲ್ಲಿ ನಿಮ್ಮ ಕೊಟ್ಟಿಗೆಯಲ್ಲಿ ಬಹುಪಾಲು ಸೀಮೆಯ ರಕ್ತವೇ ಉಳಿಯುತ್ತದೆ, ನಾಟಿ ದನದ ಬಿಸಿ ತಾಳುವ ಗುಣ ಕರಗುತ್ತದೆ. ಫ್ಯಾನ್, ಎತ್ತರದ ಸೂರು, ವರ್ಷವಿಡೀ ಹಸಿರು ಮೇವು ಇರುವವರಿಗೆ ಅದು ನಡೆದೀತು. ಮಳೆ ನಂಬಿದವರಿಗೆ, ಬಯಲು ಸೀಮೆಯವರಿಗೆ ಅರ್ಧದಷ್ಟು ನಾಟಿ ರಕ್ತ ಉಳಿದಿರುವ ಹಸುವೇ ಲೇಸು. ಜೆರ್ಸಿ ಮಿಶ್ರತಳಿಯ ಮೈ ಚಿಕ್ಕದು, ಎಚ್.ಎಫ್.ಗಿಂತ ಬಿಸಿ ತಾಳುತ್ತದೆ, ಫ್ಯಾಟ್ ಕೂಡ ಹೆಚ್ಚು. ಬ್ರೆಜಿಲ್‌ನ ರೈತರು ನಮ್ಮ ದೇಶದ ಗಿರ್ ತಳಿಯನ್ನು ಎಚ್.ಎಫ್. ಜೊತೆ ಬೆರೆಸಿ ಗಿರೊಲಾಂಡೊ ಎಂಬ ತಳಿ ಕಟ್ಟಿದ್ದಾರೆ. ಅದರಲ್ಲಿ ಎಂಟರಲ್ಲಿ ಮೂರು ಪಾಲು ಗಿರ್ ರಕ್ತ. ಅವರು ಹಾಲನ್ನೂ ಬಿಡಲಿಲ್ಲ, ಬಿಸಿಲನ್ನೂ ಮರೆಯಲಿಲ್ಲ. ಮುಂದಿನ ಸಲ ಇಂಜೆಕ್ಷನ್ ಕೊಡಿಸುವಾಗ "ಯಾವುದಾದರೂ ಹಾಕಿ" ಎನ್ನದೆ ಈ ಹಸುವಿನಲ್ಲಿ ಈಗ ಎಷ್ಟು ಸೀಮೆ ರಕ್ತವಿದೆ, ಯಾವ ಹೋರಿಯ ವೀರ್ಯ ಸೂಕ್ತ ಎಂದು ಕೇಳಿ.

ಆ ಹಸು ಏನಾಯಿತು?

ಆ ಅಮ್ಮನಿಗೆ ನಾನು ಹೇಳಿದ್ದು ಇಷ್ಟೇ. "ಸಂತೆ ಎಲ್ಲೂ ಹೋಗಲ್ಲಮ್ಮ. ಗೌರಿ ಹಬ್ಬದವರೆಗೆ ನೋಡಿ, ಆಮೇಲೆ ನಿಮ್ಮಿಷ್ಟ." ಅವರ ಮಗ ಒಂದು ಕಡೆಯ ಗೋಡೆಯನ್ನು ಸೊಂಟದೆತ್ತರಕ್ಕೆ ಒಡೆದು ಇಳಿಸಿದ. ಶೀಟಿನ ಮೇಲೆ ಗರಿ ಬಿತ್ತು. ಹಳೆಯದೊಂದು ಫ್ಯಾನ್ ಬಂತು. ಹಗಲು ಹಸುವನ್ನು ಹೊಂಗೆ ಮರದಡಿ ಕಟ್ಟತೊಡಗಿದರು. ಜೂನ್ ಕೊನೆಗೆ ಬೆದೆ ಕಂಡಿತು, ಇಂಜೆಕ್ಷನ್ ಆಯಿತು, ನಿಲ್ಲಲಿಲ್ಲ. ಅವರಿಗೆ ಬೇಸರವಾಯಿತು. ನನಗೂ ಅಳುಕಿತ್ತು. ಬೇಸಿಗೆಯ ಅಂಡಗಳು ಹೊರಹೋಗಲಿ ಎಂದು ಕಾದೆವು. ಸೆಪ್ಟೆಂಬರ್ ಮೊದಲ ವಾರದ ಇಂಜೆಕ್ಷನ್ ನಿಂತಿತು.

ಈಗ ಅದಕ್ಕೆ ಆರು ತಿಂಗಳ ಗಬ್ಬ. ಏಪ್ರಿಲ್‌ನಲ್ಲಿ ಹಾಲು ಬತ್ತಿಸಬೇಕು, ಜೂನ್‌ನಲ್ಲಿ ಕರು ಹಾಕಬೇಕು. ಎಂದರೆ ಈ ಬೇಸಿಗೆಯ ನಡುವೆಯೇ ಅದರ ಕೊನೆಯ ಎರಡು ತಿಂಗಳು ಬರುತ್ತದೆ. ಅದಕ್ಕೆ ಹೋದ ವಾರವೇ ಹೋಗಿ ಕೊಟ್ಟಿಗೆ ನೋಡಿಬಂದೆ. ಗರಿ ಹೊಸದಾಗಿ ಹೊದಿಸಿದ್ದರು.

ನಿಮ್ಮ ಕೊಟ್ಟಿಗೆಯಲ್ಲೂ ಗೊಡ್ಡು ಎಂದು ಹಣೆಪಟ್ಟಿ ಹಚ್ಚಿಸಿಕೊಂಡ ಹಸು ಇರಬಹುದು. ದಲ್ಲಾಳಿಗೆ ಫೋನ್ ಮಾಡುವ ಮೊದಲು ನಾಳೆ ಮಧ್ಯಾಹ್ನ ಮೂರು ಗಂಟೆಗೆ ಹೋಗಿ ಅದರ ಉಸಿರು ಎಣಿಸಿ. 60 ದಾಟಿದ್ದರೆ ಸಂಘದ ಕಾರ್ಯದರ್ಶಿಯ ಮೂಲಕ ನಿಮ್ಮ ಭಾಗದ ಪಶುವೈದ್ಯರನ್ನು ಕರೆಸಿ, ಹಸುವಿನ ಜೊತೆಗೆ ಕೊಟ್ಟಿಗೆಯನ್ನೂ ತೋರಿಸಿ.